‘ಸುಮ್ಮನೆ ಕೂತಿರಿ’ ಅನ್ನುವವರಿಗೆ

ಬೆಳಗ್ಗೆ ಆರರ ಹೊತ್ತಿಗೆ ಬೆಂಗಳೂರಿನ ಇಂದಿರಾನಗರದ ಡಿಫೆನ್ಸ್ ಕಾಲೊನಿಯ ಮರಗಳಡಿ ಬಂದರೆ ನರೆತ ತಲೆಗಳೇ ಹೆಚ್ಚು ಕಾಣುತ್ತವೆ. ಒಬ್ಬಿಬ್ಬರು ಓಡುತ್ತಲೂ ಇರುತ್ತಾರೆ. ಮನೆಯಲ್ಲೇ ಉಳಿದವರನ್ನು ಹಿಡಿದಿಟ್ಟಿರುವುದು ಎಷ್ಟೋ ಸಲ ಮಕ್ಕಳ ಪ್ರೀತಿ. ‘ಅಪ್ಪಾ, ಈ ವಯಸ್ಸಲ್ಲಿ ಯಾಕೆ? ಸುಮ್ಮನೆ ಕೂತಿರಿ.’ ಆ ಕಾಳಜಿಯ ಜೊತೆಗೇ ಬರುವ ನಂಬಿಕೆಗಳು ಇವು.

ತಪ್ಪು ಕಲ್ಪನೆ: ಓಡಿದರೆ ಮಂಡಿ ಸವೆದುಹೋಗುತ್ತದೆ.

ನಾವು ಮಂಡಿಯನ್ನು ಸ್ಕೂಟರಿನ ಟೈರಿನಂತೆ ಲೆಕ್ಕ ಹಾಕುತ್ತೇವೆ. ಆದರೆ ಅದು ಜೀವವಿರುವ ಅಂಗ. ಮಂಡಿಯೊಳಗಿನ ಮೃದುವಾದ ಎಲುಬಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದು, ಭಾರ ಇಳಿದಾಗ ಆ ದ್ರವ ಒಳಗೆ ಹೊರಗೆ ಓಡಾಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1984ರಿಂದ 50 ದಾಟಿದ ಓಟಗಾರರನ್ನೂ ಓಡದವರನ್ನೂ ಎರಡು ದಶಕ ಗಮನಿಸಿದರು. 19 ವರ್ಷ ಕಳೆಯುವಾಗ ಓಡದವರ ಗುಂಪಿನಲ್ಲಿ ಶೇ 34 ಮಂದಿ ತೀರಿಕೊಂಡಿದ್ದರು, ಓಟಗಾರರಲ್ಲಿ ಶೇ 15. ಕೆಲವರ ಮಂಡಿಯ ಎಕ್ಸ್‌ರೇ ಹೋಲಿಸಿದಾಗಲೂ ಓಟಗಾರರಲ್ಲಿ ಸವೆತ ಹೆಚ್ಚಿರಲಿಲ್ಲ. ಆರೋಗ್ಯವಾಗಿದ್ದವರೇ ಓಟಕ್ಕೆ ಇಳಿದಿರಬಹುದು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ, ನಿಜ. ಆದರೂ ‘ಓಡಿದರೆ ಮಂಡಿ ಹೋಗುತ್ತೆ’ ಅನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಈಗಾಗಲೇ ಮಂಡಿ ಊದಿ ನೋಯುತ್ತಿರುವವರ ಮಾತು ಬೇರೆ. ಅವರು ಮೊದಲು ವೈದ್ಯರಿಗೆ ತೋರಿಸಿ, ನಡಿಗೆಯಿಂದ ಶುರುಮಾಡಲಿ.

ತಪ್ಪು ಕಲ್ಪನೆ: ಅರವತ್ತಾದ ಮೇಲೆ ಶುರುಮಾಡಿ ಏನು ಬಂತು?

ಫೌಜಾ ಸಿಂಗ್ ತಮ್ಮ ಮೊದಲ ಮ್ಯಾರಥಾನ್ ಓಡಿದ್ದು 2000ದಲ್ಲಿ, ಲಂಡನ್ನಿನಲ್ಲಿ, 89ರ ವಯಸ್ಸಿನಲ್ಲಿ. ಅವರು ಅಪರೂಪದವರು ಅನ್ನಿ. ಹಾಗಾದರೆ ವೃದ್ಧಾಶ್ರಮದಲ್ಲಿದ್ದ ಸಾಮಾನ್ಯರನ್ನು ನೋಡೋಣ: 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನವರು ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು.

ತಪ್ಪು ಕಲ್ಪನೆ: ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕು.

ಈ ಸಂಖ್ಯೆ ಜನಪ್ರಿಯವಾದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದಿಂದ. ಸರಾಸರಿ 72 ವರ್ಷದ ಹೆಂಗಸರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 4,400 ಹೆಜ್ಜೆಗೇ ಸಾವಿನ ಅಪಾಯ ಎದ್ದುಕಾಣುವಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ತಪ್ಪು ಕಲ್ಪನೆ: ವಾಕಿಂಗ್ ಒಂದೇ ಸಾಕು.

ನನಗೆ ಎಲ್ಲಕ್ಕಿಂತ ಆತಂಕದ್ದು ಇದು. ವಯಸ್ಸಾದವರನ್ನು ಹಾಸಿಗೆ ಹಿಡಿಸುವುದು ಎಷ್ಟೋ ಸಲ ಬೀಳುವಿಕೆ. ಅದನ್ನು ತಡೆಯಲು ನಡಿಗೆಯೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆಯ ಜೊತೆಗೆ, 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಹೇಳುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಿ, ಕೂರಿ. ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲಿ. ಸಿಎಂಎಚ್ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ಮಂಡಿ ಒಪ್ಪಿದರೆ ಮೆಟ್ಟಿಲು ಹತ್ತಿ, ಕಂಬಿ ಹಿಡಿದೇ ಹತ್ತಿ.

ತಪ್ಪು ಕಲ್ಪನೆ: ಏದುಸಿರು ಬಂದರೇನೇ ವ್ಯಾಯಾಮ.

ಜೊತೆಯವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸಾಕು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಓಟಕ್ಕೆ ಮುನ್ನ ವೈದ್ಯರನ್ನು ಕೇಳಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಂತು ನೆರವು ಕೇಳಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ: ಈ ಟ್ರಾಫಿಕ್ಕಿನಲ್ಲಿ ನಡೆಯಲು ಜಾಗವೆಲ್ಲಿ?

ನೂರಡಿ ರಸ್ತೆಯಲ್ಲಿ ಕಷ್ಟ, ಒಪ್ಪಿದೆ. ಆದರೆ ಹಲಸೂರು ಕೆರೆ ಹತ್ತಿರದಲ್ಲೇ ಇದೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಇಂದಿರಾನಗರದಿಂದ ಕಬ್ಬನ್ ಪಾರ್ಕ್ ನಾಲ್ಕನೇ ನಿಲ್ದಾಣ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ತಿಂಗಳಿಗೊಮ್ಮೆ ಮಗನೋ ಮಗಳೋ ಕಾರು ತೆಗೆದರೆ ಕೆ.ಆರ್. ಪುರ ದಾಟಿ ಹೊಸಕೋಟೆಯ ಕೆರೆ ಏರಿಗೆ ಹೋಗಬಹುದು. ಏರಿಯ ಮಣ್ಣು ಏರುಪೇರು. ಪಾದ ಪ್ರತಿ ಹೆಜ್ಜೆಗೂ ನೆಲವನ್ನು ಹುಡುಕಿಕೊಳ್ಳಬೇಕು; ಸಮತೋಲನಕ್ಕೆ ಅದೂ ಒಂದು ವ್ಯಾಯಾಮ. ಬೀಳುವ ಭಯವೂ ಇರುವುದರಿಂದ ಮಕ್ಕಳು ಕಾರಿನಲ್ಲೇ ಕೂತು ಕಾಯದೆ ಅಪ್ಪ ಅಮ್ಮನ ಜೊತೆಗೆ ಇಳಿದು, ಅವರ ವೇಗಕ್ಕೇ ಒಂದು ಗಂಟೆ ನಡೆಯಲಿ.