ಮುಖ ಒಂದೇ, ಬೆನ್ನು ಮೂರು

ಕಳೆದ ಭಾನುವಾರ ತುಮಕೂರಿನ ಬಿ.ಎಚ್. ರಸ್ತೆಯ ಕಲ್ಯಾಣಮಂಟಪವೊಂದರ ಮುಂದೆ ಆಡಿ ಎ3 ಕಾರು ನಿಂತಿತ್ತು. ನಾಲ್ಕನೇ ತರಗತಿಯ ಮೊಮ್ಮಗಳು ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಅಮ್ಮನ ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೋರಿಸಿದಳು. “ತಾತ, ಇದೂ ಎ3 ಅಂತೆ. ಇದಕ್ಕೆ ಮೇಲೆ ಸೂರೇ ಇಲ್ವಲ್ಲ!”

ಉತ್ತರ ನನಗೂ ಗೊತ್ತಿರಲಿಲ್ಲ. ಬ್ಯಾಂಕಿನ ಗುಮಾಸ್ತನಾಗಿ ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಎಷ್ಟೋ ಕಾರು ಸಾಲದ ಕಾಗದ ಬರೆದವನು ನಾನು. ನೋಂದಣಿ ಅರ್ಜಿಯಲ್ಲಿ ‘ಬಾಡಿ ಟೈಪ್’ ಕಾಲಂ ಬಂದರೆ ಕಣ್ಣು ಮುಚ್ಚಿ ‘ಸಲೂನ್’ ಎಂದು ತುಂಬುತ್ತಿದ್ದೆ. ಕುಣಿಗಲ್‌ನಲ್ಲಿ ಒಮ್ಮೆ ಮೇಷ್ಟ್ರೊಬ್ಬರ ಹ್ಯಾಚ್‌ಬ್ಯಾಕ್‌ಗೂ ಹಾಗೇ ಬರೆದುಕೊಟ್ಟೆ. ಅರ್ಜಿ ವಾಪಸ್ ಬಂತು. ಪಾಪ, ಅವರು ಶಾಲೆಗೆ ರಜೆ ಹಾಕಿ ಮತ್ತೆ ತುಮಕೂರಿಗೆ ಅಲೆದರು. ನನ್ನನ್ನು ಬೈಯಲಿಲ್ಲ, ಅದೇ ಇಂದಿಗೂ ಚುಚ್ಚುತ್ತದೆ. ಈ ಸಲ ತಿಳಿದುಕೊಂಡೇ ಮೊಮ್ಮಗಳಿಗೆ ಹೇಳಿದೆ. ನೀವೂ ಕೇಳಿ, ಮಕ್ಕಳೇ.

ಮೂರು ಖಾಲಿ ಬೆಂಕಿಪೊಟ್ಟಣ ತನ್ನಿ. ಒಂದನ್ನು ಮಲಗಿಸಿ, ನಡುವಿನದನ್ನು ಎತ್ತರವಾಗಿ ನಿಲ್ಲಿಸಿ, ಮೂರನೆಯದನ್ನು ಮಲಗಿಸಿ. ಎಂಜಿನ್, ಜನ, ಸಾಮಾನು: ಇದೇ ಸೆಡಾನ್. ಬ್ರಿಟಿಷರ ಬಾಯಲ್ಲಿ ಇದು ಸಲೂನ್. ಹಿಂದಿನ ಪೊಟ್ಟಣ ತೆಗೆಯಿರಿ, ಹ್ಯಾಚ್‌ಬ್ಯಾಕ್ ಆಯಿತು. ಇದರಲ್ಲಿ ಸೂರು ಹಿಂದಿನವರೆಗೂ ಹೋಗುತ್ತದೆ; ಹಿಂಬದಿಯ ಗಾಜು ಸಮೇತ ಬಾಗಿಲು ಮೇಲಕ್ಕೇಳುತ್ತದೆ. ಈಗ ಮೂರೂ ಪೊಟ್ಟಣ ಮಲಗಿಸಿ. ಅದೇ ಸೂರು ತೆರೆದ ಕ್ಯಾಬ್ರಿಯೊಲೆ.

2014ರಲ್ಲಿ ಎ3 ಸೆಡಾನ್ ಮತ್ತು ಕ್ಯಾಬ್ರಿಯೊಲೆ ಎರಡೂ ನಮ್ಮ ದೇಶಕ್ಕೆ ಬಂದವು. ಹ್ಯಾಚ್‌ಬ್ಯಾಕ್ ರೂಪಕ್ಕೆ ಆ ಕಂಪನಿಯ ಹೆಸರು ಸ್ಪೋರ್ಟ್‌ಬ್ಯಾಕ್. ಮುಂದಿನಿಂದ ನೋಡಿದರೆ ಮೂವರೂ ಅಣ್ಣತಮ್ಮಂದಿರೇ: ಅದೇ ಜಾಲರಿ, ಅದೇ ದೀಪದ ಕಣ್ಣು. ವ್ಯತ್ಯಾಸವೆಲ್ಲ ಬೆನ್ನಿನಲ್ಲಿ. ಸ್ಪೋರ್ಟ್‌ಬ್ಯಾಕ್ ಉದ್ದ 4310 ಮಿಲಿಮೀಟರ್, ಸೆಡಾನ್ 4456. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಷ್ಟೇ ಹೆಚ್ಚು! ಅಷ್ಟರಲ್ಲೇ ಡಿಕ್ಕಿ 380 ಲೀಟರಿನಿಂದ 425ಕ್ಕೆ ಏರಿತು.

ಕ್ಯಾಬ್ರಿಯೊಲೆಯ ಸೂರು ಬಟ್ಟೆಯದು. ಗುಂಡಿ ಒತ್ತಿದರೆ 18 ಸೆಕೆಂಡಿನಲ್ಲಿ ಮಡಚಿಕೊಳ್ಳುತ್ತದೆ. ಆದರೆ ಆ ಚೆಂದಕ್ಕೆ ಬೆಲೆ ಉಂಟು. ಬಾಗಿಲು ಎರಡೇ, ಸೀಟು ನಾಲ್ಕೇ; ಮಡಚಿದ ಸೂರಿಗೂ ಜಾಗ ಬೇಕಾದ್ದರಿಂದ ಸಾಮಾನಿಗೆ ಜಾಗ ಕಡಿಮೆ. ಗಟ್ಟಿ ಸೂರಿಲ್ಲದ್ದಕ್ಕೆ ಕಾರಿನ ಕೆಳಮೈಯನ್ನು ಬಲಪಡಿಸಬೇಕು. ಮಗುಚಿದಾಗ ತಲೆ ಕಾಯಲು ಹಿಂದಿನ ಸೀಟಿನ ಬೆನ್ನಲ್ಲಿ ಪಟ್ಟನೆ ಮೇಲೇಳುವ ಲೋಹದ ಪಟ್ಟಿಗಳಿವೆ.

ಹೆಸರುಗಳ ಕಥೆ ಕೇಳಿದರೆ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ನೆನಪಾಗುತ್ತದೆ. ಕ್ಯಾಬ್ರಿಯೊಲೆ ಎಂದರೆ ಮೊದಲು ಕುದುರೆ ಎಳೆಯುವ ಹಗುರ ಗಾಡಿ. ಮೇಕೆ ಮರಿಯ ಹಾಗೆ ಕುಪ್ಪಳಿಸುತ್ತಿದ್ದುದಕ್ಕೆ ಆ ಹೆಸರು. ಸೆಡಾನ್ ಎಂದರೆ ಇಬ್ಬರು ಹೊರುತ್ತಿದ್ದ ಮುಚ್ಚಿದ ಕುರ್ಚಿ, ನಮ್ಮ ಮೇನೆಯಂಥದ್ದು.

ಎಲ್ಲ ಕೇಳಿದ ಮೊಮ್ಮಗಳು ಚಿತ್ರವನ್ನೂ ನನ್ನ ಕಾಲನ್ನೂ ನೋಡಿದಳು. “ಸೂರಿಲ್ಲದ್ದೇ ಚೆಂದ, ತಾತ. ಆದ್ರೆ ನಿನ್ನ ಮಂಡಿನೋವಿಗೆ ಹಿಂದಿನ ಸೀಟಿಗೆ ನುಸುಳಕ್ಕಾಗಲ್ಲ. ನಮಗೆ ನಾಲ್ಕು ಬಾಗಿಲಿಂದೇ ಇರ್ಲಿ.”

ಕಾಲಂ ತುಂಬುವ ಮೊದಲು ಕೂರುವವರನ್ನು ನೋಡಬೇಕೆಂದು ಅವಳಿಗೆ ಹತ್ತನೇ ವಯಸ್ಸಿಗೇ ಹೊಳೆಯಿತು. ನಾವಿಬ್ಬರೂ ಸಿಟಿ ಬಸ್ಸು ಹತ್ತಿ ಮನೆಗೆ ಬಂದೆವು.