ನಾಯಿಯ ನಡಿಗೆ, ಮನುಷ್ಯನ ಕೂಲಿ

ಮನೆಯಲ್ಲಿ ನಾಯಿಯನ್ನು ಸಾಕುವುದು ನಮ್ಮ ನಾಡಿನ ಗೃಹಸ್ಥರಿಗೆ ಹೊಸ ಸಂಗತಿಯಲ್ಲ. ಹೊಲಕ್ಕೆ, ಹಟ್ಟಿಗೆ, ಕಣಕ್ಕೆ ಕಾವಲಾಗಿ ನಾಯಿ ನಮ್ಮೊಡನೆ ತಲೆಮಾರುಗಳಿಂದ ಬಾಳಿಕೊಂಡು ಬಂದಿದೆ. ಆದರೆ ಆ ನಾಯಿಯನ್ನು ಯಾರೂ ತಿರುಗಾಡಿಸಲು ಕರೆದೊಯ್ಯುತ್ತಿರಲಿಲ್ಲ. ಒಡೆಯನು ಬಂಡಿ ಹೂಡಿ ಹೊಲಕ್ಕೆ ಹೊರಟರೆ ಬಂಡಿಯ ನೆರಳಿನಲ್ಲಿ ತಾನೂ ಹೊರಡುತ್ತಿತ್ತು; ಸಂಜೆ ಅವನೊಡನೆಯೇ ಮರಳುತ್ತಿತ್ತು. ಇಂದು ಮಹಾನಗರದ ಬಹುಮಹಡಿ ಕಟ್ಟಡದ ಹನ್ನೊಂದನೆಯ ಅಂತಸ್ತಿನಲ್ಲಿ ಬೆಳೆಯುವ ನಾಯಿಗೆ ಮಣ್ಣಿನ ಸ್ಪರ್ಶವಾಗಬೇಕಾದರೆ ಯಾರಾದರೊಬ್ಬರು ಅದರ ಕೊರಳ ಪಟ್ಟಿಗೆ ಹಗ್ಗ ಸಿಕ್ಕಿಸಿ, ಲಿಫ್ಟಿನಲ್ಲಿ ಇಳಿಸಿ, ಬೀದಿಗೆ ಕರೆತರಬೇಕು. ಮನೆಯವರಿಗೆ ಬಿಡುವಿಲ್ಲವಾದರೆ ಸಂಬಳ ಕೊಟ್ಟು ಒಬ್ಬರನ್ನು ಗೊತ್ತುಮಾಡಬೇಕು. 'ಡಾಗ್ ವಾಕರ್' ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿರುವ ಈ ಉದ್ಯೋಗವನ್ನು ಬೆಂಗಳೂರಿನ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯ ಓದುಗರು ಕಂಡು ಬೆರಗಾಗಿರಬಹುದು. 'ನಾಯಿ ತಿರುಗಾಡಿಸುವುದಕ್ಕೂ ಪಗಾರವೇ?' ಎಂದು ನಕ್ಕಿರಲೂಬಹುದು. ಮಠದ ಪಾಠಶಾಲೆಯಲ್ಲಿ ಓದಿ ಬೆಳೆದ ನಾವೂ ಮೊದಲು ನಕ್ಕವರೇ. ಆ ನಗೆ ನಿಂತದ್ದು ಹೇಗೆ ಎಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಒಂದು ಮನೆಯ ಲೆಕ್ಕ

2024ರ ಕಾರ್ತಿಕ ಮಾಸದಲ್ಲಿ ಬೆಂಗಳೂರಿನ ನಮ್ಮ ಸೋದರಳಿಯನ ಮನೆಯಲ್ಲಿ ಎರಡು ವಾರ ತಂಗಿದ್ದೆವು. ಗಂಡಹೆಂಡಿರಿಬ್ಬರೂ ಉದ್ಯೋಗಸ್ಥರು. ಮನೆಯಲ್ಲಿ ನಾಲ್ಕು ವರ್ಷದ ಲ್ಯಾಬ್ರಡಾರ್ ತಳಿಯ ನಾಯಿ. ಬೆಳಿಗ್ಗೆ ಆರು ಗಂಟೆಗೂ ಸಂಜೆ ಆರು ಗಂಟೆಗೂ ಯಾದಗಿರಿ ಕಡೆಯ ಇಪ್ಪತ್ತೆರಡು ವಯಸ್ಸಿನ ಯುವಕನೊಬ್ಬ ಬಂದು ಅದನ್ನು ಕರೆದೊಯ್ಯುತ್ತಿದ್ದ. ಮುಂಜಾವಿನಲ್ಲಿ ನಡೆಯುವ ಅಭ್ಯಾಸ ನಮಗೂ ಇರುವುದರಿಂದ ಎರಡನೆಯ ದಿನದಿಂದ ಅವನ ಜೊತೆಗೂಡಿದೆವು. ನಮ್ಮ ಕಡೆಯ ಮಾತು ಕೇಳಿ ಅವನಿಗೂ ಸಂತೋಷವಾಯಿತು.

ಆ ಮನೆಯವರು ತಿಂಗಳಿಗೆ 6,000 ರೂಪಾಯಿ ಕೊಡುತ್ತಿದ್ದರು. ದಿನಕ್ಕೆ ಎರಡು ಸುತ್ತು, ತಿಂಗಳಿಗೆ 26 ದಿನ. ಅಂದರೆ 52 ಸುತ್ತು. ಒಂದು ಸುತ್ತಿಗೆ ಬೀಳುವುದು 115 ರೂಪಾಯಿ ಚಿಲ್ಲರೆ. ದಿನಕ್ಕೆ ಒಂದೇ ಸುತ್ತಾದರೆ 3,500 ರೂಪಾಯಿ. ಬೇರೆ ಬಡಾವಣೆಗಳಲ್ಲಿ, ಬೇರೆ ತಳಿಯ ನಾಯಿಗಳಿಗೆ ಇದಕ್ಕಿಂತ ಹೆಚ್ಚೂ ಇದೆ, ಕಡಿಮೆಯೂ ಇದೆ. ಕರಾರಿನ ಪ್ರಕಾರ ಸುತ್ತು ಅರ್ಧ ಗಂಟೆಯದು. ಆದರೆ ಗೇಟಿನಲ್ಲಿ ಹೆಸರು ಬರೆದು, ಲಿಫ್ಟಿಗೆ ಕಾದು, ನಾಯಿಯನ್ನು ತಿರುಗಾಡಿಸಿ, ಅದರ ಮಲವನ್ನು ಚೀಲದಲ್ಲಿ ಎತ್ತಿ ತೊಟ್ಟಿಗೆ ಹಾಕಿ, ಪಾದ ಒರೆಸಿ ಮನೆಗೆ ಒಪ್ಪಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಮೀರುತ್ತಿತ್ತು.

ಆ ಯುವಕನ ಪಾಲಿಗೆ ಅಂತಹ ನಾಲ್ಕು ಮನೆಗಳು. ಮೂರರಲ್ಲಿ ಎರಡು ಹೊತ್ತು, ಒಂದರಲ್ಲಿ ಬೆಳಿಗ್ಗೆ ಮಾತ್ರ. ಒಟ್ಟು 21,500 ರೂಪಾಯಿ. ಮನೆಗಳನ್ನು ಗೊತ್ತುಮಾಡಿಸಿಕೊಟ್ಟ ಮಧ್ಯವರ್ತಿಗೆ ಅದರಲ್ಲಿ ಮೂರನೆಯ ಒಂದು ಪಾಲು. ಉಳಿದು ಕೈಗೆ ಬರುತ್ತಿದ್ದುದು ಸುಮಾರು 14,300 ರೂಪಾಯಿ. ಅದರಲ್ಲಿಯೇ ಕೋಣೆಯ ಬಾಡಿಗೆ, ಊಟ, ಊರಿಗೆ ಕಳಿಸುವ ಹಣ. ಬಾರದ ದಿನದ ಕೂಲಿ ಕಡಿತ. ನಾಯಿಗಳನ್ನು ತಿರುಗಾಡಿಸುವ ಹೊತ್ತು ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಮಾತ್ರ. ಆದಕಾರಣ ಎಷ್ಟು ದುಡಿಯುತ್ತೇನೆಂದರೂ ಮನೆಗಳ ಸಂಖ್ಯೆಯನ್ನು ಬಹಳ ಹೆಚ್ಚಿಸಲಾಗದು. ಹೆಚ್ಚಿಸಬೇಕಾದರೆ ಮೂರು ನಾಲ್ಕು ನಾಯಿಗಳನ್ನು ಒಟ್ಟಿಗೆ ಹಿಡಿದು ಹೊರಡಬೇಕು. ಅದರ ಅಪಾಯ ಏನೆಂಬುದನ್ನು ಮುಂದೆ ಹೇಳುತ್ತೇವೆ.

ಉದ್ಯೋಗದ ಮೂಲ, ಕಾಯಿದೆಯ ಮಾತು

ಈ ಉದ್ಯೋಗವು ವ್ಯವಸ್ಥಿತ ರೂಪ ಪಡೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. 1960ರ ದಶಕದಲ್ಲಿ ಜಿಮ್ ಬಕ್ ಎಂಬಾತ ಅಲ್ಲಿ ನಾಯಿಗಳ ಶಾಲೆಯೊಂದನ್ನು ತೆರೆದು, ಸಹಾಯಕರನ್ನು ನೇಮಿಸಿಕೊಂಡು, ಸಿರಿವಂತರ ನಾಯಿಗಳನ್ನು ಬೀದಿಗಳಲ್ಲಿ ನಡೆಸುವುದನ್ನೇ ಜೀವನೋಪಾಯ ಮಾಡಿಕೊಂಡ. 2013ರಲ್ಲಿ ಆತ ತೀರಿಕೊಂಡಾಗ ಪತ್ರಿಕೆಗಳು ಅವನನ್ನು ಈ ವೃತ್ತಿಯ ಆದ್ಯನೆಂದು ಸ್ಮರಿಸಿದವು.

ನಮ್ಮ ದೇಶದ ಕಾಯಿದೆಯಲ್ಲಿಯೂ ಇದಕ್ಕೆ ಸಂಬಂಧಿಸಿದ ಮಾತೊಂದಿದೆ ಎಂಬುದು ಬಹಳ ಮಂದಿಗೆ ತಿಳಿಯದು. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣವು ಯಾವ ಯಾವುದು ಕ್ರೌರ್ಯವೆಂದು ಪಟ್ಟಿ ಮಾಡುತ್ತದೆ. ಹೊಡೆಯುವುದು, ಮಿತಿಮೀರಿ ಹೇರುವುದು ಮುಂತಾದವುಗಳ ಸಾಲಿನಲ್ಲಿಯೇ, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದೆ ಅಥವಾ ಬೇರೆಯವರಿಂದ ಮಾಡಿಸದೆ ಅಲಕ್ಷಿಸುವುದನ್ನೂ ಅದು ಸೇರಿಸಿದೆ. ಮೊದಲ ಅಪರಾಧಕ್ಕೆ ಅದು ಇಟ್ಟ ದಂಡ 50 ರೂಪಾಯಿಯನ್ನು ಮೀರದು. ಅದರಿಂದ ಯಾರೂ ಹೆದರಲಾರರು. ಆದರೆ ಮಾತಿನ ಅರ್ಥವನ್ನು ಗಮನಿಸಬೇಕು. ಒಡೆಯನು ತಾನೇ ನಡೆಸಬಹುದು, ಅನ್ಯರಿಂದಲೂ ನಡೆಸಬಹುದು. ಹೊಣೆ ಮಾತ್ರ ಎರಡು ಪಕ್ಷದಲ್ಲಿಯೂ ಒಡೆಯನದೇ. ಸಂಬಳ ಕೊಟ್ಟು ನಾವು ಪಡೆಯುವುದು ಇನ್ನೊಬ್ಬರ ಕಾಲಿನ ಶ್ರಮವನ್ನು. ನಮ್ಮ ಹೊಣೆ ಆ ಹಣದೊಡನೆ ಅವರ ಕೈಗೆ ದಾಟುವುದಿಲ್ಲ.

ಕೈಗೆ ಕಟ್ಟಿದ ಬಟ್ಟೆ

ಮೊದಲ ದಿನವೇ ಆ ಯುವಕನ ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದುದನ್ನು ಕಂಡಿದ್ದೆವು. ಏನೋ ತರಚಿರಬಹುದೆಂದು ಸುಮ್ಮನಾದೆವು. ಮೂರನೆಯ ದಿನ ಹಗ್ಗ ಎಳೆದಾಗ ಅವನು ಮುಖ ಕಿವಿಚಿದ್ದನ್ನು ನೋಡಿ ಕೇಳಿದೆವು. ನಾಲ್ಕು ಮನೆಗಳಲ್ಲಿ ಒಂದರ ನಾಯಿ, ಬೀದಿನಾಯಿಗಳ ಬೊಗಳಾಟಕ್ಕೆ ಬೆದರಿ, ತಿರುಗಿ ಇವನನ್ನೇ ಕಚ್ಚಿತ್ತು. ಆ ಮನೆಯವರು, 'ನಮ್ಮ ನಾಯಿಗೆ ಲಸಿಕೆ ಆಗಿದೆ, ಏನೂ ಆಗದು, ಅರಿಸಿನ ಹಚ್ಚಿಕೋ' ಎಂದು ಹೇಳಿ ಕಳಿಸಿದ್ದರು. ಕಚ್ಚಿ ನಾಲ್ಕು ದಿನವಾಗಿತ್ತು. ಆಸ್ಪತ್ರೆಗೆ ಹೋಗಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ದೊರೆಯುತ್ತದಲ್ಲವೇ ಎಂದು ಗದರಿಸಿದೆವು. ಅವನು ತಲೆ ತಗ್ಗಿಸಿ, 'ಸೂಜಿಗೇನು ರೊಕ್ಕ ಕೊಡಬೇಕಾಗಿಲ್ರೀ ಅಜ್ಜಾರ. ಆದರ ಸೂಜಿಗೆ ಹೋದ ದಿನದ ಪಗಾರ ಹೋಗ್ತದಲ್ರೀ' ಎಂದ.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲ ದಿನವೇ ಕಂಡು ಕೇಳದೆ ಉಳಿದ ನಾವು ಯಾವ ಅಧಿಕಾರದಿಂದ ಗದರಿಸಿದೆವೆಂದು ಇಂದಿಗೂ ನಾಚಿಕೆಯಾಗುತ್ತದೆ.

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಒಮ್ಮೆ ಲಕ್ಷಣಗಳು ಕಾಣಿಸಿಕೊಂಡಿತೆಂದರೆ ರೋಗಿ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಕಚ್ಚಿದೊಡನೆ ಸರಿಯಾದ ಕ್ರಮ ಕೈಗೊಂಡರೆ ಅದನ್ನು ಪೂರ್ಣವಾಗಿ ತಡೆಯಬಹುದು. ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾರದ ಪುಡಿ ಮುಂತಾದುವನ್ನು ಹಚ್ಚಲಾಗದು. ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಗಾಯ ಆಳವಾಗಿದ್ದರೆ ಲಸಿಕೆಯಲ್ಲದೆ ಬೇರೊಂದು ಔಷಧವನ್ನೂ ಗಾಯದ ಸುತ್ತ ಚುಚ್ಚುವುದುಂಟು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಹಾಗೆ ನೋಡುವುದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬಾರದು. ತಡವಾದರೂ ಹೋಗಲೇಬೇಕು.

ಅಂದೇ ಸೋದರಳಿಯನು ಕಚೇರಿಗೆ ರಜೆ ಹೇಳಿ ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರು. ನಾಯಿ ಹತ್ತು ದಿನವೂ ಆರೋಗ್ಯವಾಗಿಯೇ ಇತ್ತು. ಹುಡುಗನೂ ಕುಶಲದಿಂದಿದ್ದಾನೆ.

ಆ ರಾತ್ರಿ ನಾವೂ ಸೋದರಳಿಯನೂ ಕಾಗದ ಹಿಡಿದು ಲೆಕ್ಕ ಹಾಕಿದೆವು. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ನಾಲ್ಕು ಮುಂಜಾವಿನ ಸುತ್ತುಗಳು ತಪ್ಪಿದರೆ ಆ ಯುವಕನ ಕೈಯಿಂದ ಹೋಗುವುದು 1,280 ರೂಪಾಯಿಯ ಆಸುಪಾಸು. ನಾಲ್ಕು ಮನೆಗೆ ಹಂಚಿದರೆ ತಲಾ 320 ರೂಪಾಯಿ. ವರ್ಷಕ್ಕೆ 72,000 ರೂಪಾಯಿ ಕೊಟ್ಟು ನಾಯಿಯನ್ನು ನಡೆಸುವ ಮನೆಗೆ ಈ 320 ರೂಪಾಯಿ ಭಾರವೇ? ಭಾರವಲ್ಲ. ಅದು ಯಾರ ಲೆಕ್ಕದಲ್ಲಿಯೂ ಬರೆದಿರಲಿಲ್ಲ, ಅಷ್ಟೆ. ಬರೆಯದೆ ಬಿಟ್ಟ ಆ ಒಂದು ಸಾಲಿಗಾಗಿ ಒಬ್ಬ ತಾಯಿಯ ಮಗ ತನ್ನ ಪ್ರಾಣವನ್ನು ಪಣಕ್ಕಿಟ್ಟಿದ್ದ.

ಮರುವಾರ ಮೂರು ಮನೆಗಳವರು ಕೂಡಿ ಒಂದು ಒಪ್ಪಂದ ಬರೆದರು. ಸಂಬಳಸಹಿತ ವಾರದ ರಜೆ, ಕಚ್ಚಿದರೆ ಚಿಕಿತ್ಸೆಯ ವೆಚ್ಚ ಮತ್ತು ಆ ದಿನಗಳ ಪೂರ್ಣ ಕೂಲಿ, ಇವು ಅದರಲ್ಲಿದ್ದವು. ನಾಲ್ಕನೆಯ ಮನೆಯವರು, ಅಂದರೆ ಯಾರ ನಾಯಿ ಕಚ್ಚಿತ್ತೋ ಅವರು, ಒಪ್ಪಲಿಲ್ಲ; ಬೇರೊಬ್ಬ ಹುಡುಗನನ್ನು ಗೊತ್ತುಮಾಡಿಕೊಂಡರು.

ಗೊತ್ತುಮಾಡುವ ಮುನ್ನ

ತಮ್ಮ ಮನೆಗೂ ಇಂತಹ ಒಬ್ಬರನ್ನು ಕರೆಯಬೇಕೆಂದಿರುವ ಬಂಧುಗಳು ಕೆಲವು ಅಂಶಗಳನ್ನು ಗಮನದಲ್ಲಿಡುವುದು ಲೇಸು.

ಮೊದಲ ಒಂದು ವಾರ ಮನೆಯವರೊಬ್ಬರು ಜೊತೆಗೆ ನಡೆಯಬೇಕು. ನಾಯಿಗೆ ಯಾವುದರ ಅಂಜಿಕೆ, ಯಾವುದರ ಮೇಲೆ ಸಿಟ್ಟು, ಹಿಂದೆ ಯಾರನ್ನಾದರೂ ಕಚ್ಚಿದೆಯೇ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ನಾಯಿಗೆ ವರ್ಷವರ್ಷ ತಪ್ಪದೆ ಲಸಿಕೆ ಹಾಕಿಸಿ ಚೀಟಿಯನ್ನು ತೋರಿಸಬೇಕು. ನಾಯಿಗಳೊಡನೆ ದಿನವೂ ಕೆಲಸ ಮಾಡುವವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಪಡೆಯುವ ಕ್ರಮವಿದೆ. ವೈದ್ಯರನ್ನು ಕೇಳಿ ಅದನ್ನು ಮಾಡಿಸಿಕೊಡುವುದು ಕೆಲಸ ಕೊಟ್ಟವರ ಧರ್ಮ. ಹಾಗೆ ಪಡೆದವರೂ ಕಚ್ಚಿದರೆ ಮತ್ತೆ ವೈದ್ಯರನ್ನು ಕಾಣಲೇಬೇಕು.

ಒಬ್ಬರ ಕೈಯಲ್ಲಿ ಒಮ್ಮೆಗೆ ಎಷ್ಟು ನಾಯಿಗಳು ಎಂಬುದನ್ನು ಮೊದಲೇ ಗೊತ್ತುಪಡಿಸಬೇಕು. ಅಗ್ಗದ ದರಕ್ಕೆ ಒಪ್ಪಿದವನು ನಾಲ್ಕು ನಾಯಿಗಳನ್ನು ಒಟ್ಟಿಗೆ ಎಳೆದೊಯ್ಯುವುದನ್ನೂ, ಕಂಬಕ್ಕೆ ಕಟ್ಟಿ ಮೊಬೈಲ್ ನೋಡುತ್ತ ನಿಲ್ಲುವುದನ್ನೂ ನಾವೇ ಕಂಡೆವು. ತಪ್ಪು ಅವನದು ನಿಜ. ಅಷ್ಟು ಕಡಿಮೆ ಹಣಕ್ಕೆ ಒಪ್ಪಿಸಿದವರಿಗೂ ಅದರಲ್ಲಿ ಪಾಲುಂಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಾಲ್ಕು ಅಥವಾ ಹೆಚ್ಚು ನಾಯಿಗಳನ್ನು ಕೂಲಿಗಾಗಿ ಒಟ್ಟಿಗೆ ಕರೆದೊಯ್ಯಲು 2013ರಿಂದ ಪರವಾನಗಿ ಬೇಕಾಯಿತು. ಎಂಟನ್ನು ಮೀರುವಂತಿಲ್ಲವೆಂದು ಕಟ್ಟುಮಾಡಿದರು.

ಬೇಸಗೆಯಲ್ಲಿ ಹೊತ್ತು ಮುಖ್ಯ. ನಾಯಿ ನಮ್ಮಂತೆ ಮೈಯೆಲ್ಲ ಬೆವರದು. ಬಾಯಿ ತೆರೆದು ತೇಕುವುದರಿಂದಲೇ ಅದರ ದೇಹ ತಣಿಯಬೇಕು. ಮೂಗು ಚಪ್ಪಟೆಯಾದ ಪಗ್ ಮುಂತಾದ ತಳಿಗಳಿಗೆ ಇದು ಇನ್ನೂ ಕಷ್ಟ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟು ಏಳು ಎಣಿಸುವವರೆಗೆ ತಾಳಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೂ ಸಲ್ಲದು. ಸೂರ್ಯ ಏರುವ ಮುನ್ನ, ಇಲ್ಲವೇ ನೆಲ ಆರಿದ ಮೇಲೆ ಕರೆದೊಯ್ಯಬೇಕು. ಬಂದವರಿಗೆ ಒಂದು ಲೋಟ ನೀರನ್ನಾದರೂ ಕೊಡಬೇಕೆಂದು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ. ಆದರೂ ನಾಯಿಯ ಬಟ್ಟಲಿಗೆ ನೀರು ತುಂಬಿಸಿ, ಕರೆತಂದವನನ್ನು ಬಾಗಿಲಲ್ಲಿಯೇ ನಿಲ್ಲಿಸಿ ಕಳಿಸಿದ ಮನೆಯನ್ನೂ ಕಂಡೆವಾದ್ದರಿಂದ ಬರೆಯುತ್ತಿದ್ದೇವೆ.

ವಾರಕ್ಕೆ ಒಂದು ದಿನವಾದರೂ ಮನೆಯವರೇ ನಾಯಿಯನ್ನು ಕರೆದೊಯ್ಯಲಿ. ಅದರಿಂದ ಆ ಕಾಯಕದ ಶ್ರಮ ಎಷ್ಟೆಂಬುದು ತಿಳಿಯುತ್ತದೆ. ನಾಯಿಗೂ ತನ್ನ ಮನೆ ಯಾವುದೆಂಬುದು ತಿಳಿಯುತ್ತದೆ. ಈಗ ಭಾನುವಾರ ನಮ್ಮ ಸೋದರಳಿಯನೇ ಹಗ್ಗ ಹಿಡಿಯುತ್ತಾನೆ. 'ಮೊದಲ ಭಾನುವಾರ ಭುಜ ನೋಯಿತು ಮಾವ' ಎಂದು ದೂರವಾಣಿಯಲ್ಲಿ ಹೇಳಿದ.

ಆತಕೂರಿನ ಕಲ್ಲು

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ವೀರಗಲ್ಲೊಂದಿದೆ. ಅದು ಕ್ರಿ.ಶ. 949ರ ತಕ್ಕೋಲದ ಯುದ್ಧದ ಕಾಲಕ್ಕೆ ಸೇರಿದುದು. ಗಂಗರ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಪ್ರಾಣಬಿಟ್ಟವು. ಮಣಲೇರನು ಅದರ ನೆನಪಿಗೆ ಕಲ್ಲು ನಿಲ್ಲಿಸಿದನು. ಆ ಕಲ್ಲನ್ನು ಪೂಜಿಸುವವನ ಜೀವನಕ್ಕೆ ಭೂಮಿಯನ್ನೂ ಬಿಟ್ಟನು.

ಊರಿಗೆ ಮರಳುವ ಮುನ್ನ ಆ ಕಲ್ಲನ್ನು ನೋಡಿ ಬಂದೆವು. ನಾಯಿಯ ಮೇಲಣ ಪ್ರೀತಿಯನ್ನು ಕಲ್ಲಿನಲ್ಲಿ ಕೆತ್ತಿಸಿದವನು, ಆ ಪ್ರೀತಿಯ ನಿಮಿತ್ತ ದುಡಿಯುವ ಮನುಷ್ಯನ ಅನ್ನದ ಲೆಕ್ಕವನ್ನೂ ಬರೆಯಿಸಲು ಮರೆಯಲಿಲ್ಲ. ಸಾವಿರ ವರ್ಷದ ಹಿಂದಿನ ಆ ವಿವೇಕ ಇಂದಿನ ನಮ್ಮ ಮನೆಗಳಲ್ಲಿಯೂ ಉಳಿಯಲಿ. ನಾಯಿಯನ್ನು ನಡೆಸಲು ಎಷ್ಟು ಖರ್ಚು ಎಂದು ಕೇಳುವಾಗ, ನಡೆಸುವವನು ಬಿದ್ದ ದಿನ, ಕಚ್ಚಿಸಿಕೊಂಡ ದಿನ, ಜ್ವರದಿಂದ ಮಲಗಿದ ದಿನಗಳ ಖರ್ಚನ್ನೂ ಅದರೊಡನೆ ಕೂಡಿಸಿ ಕೇಳೋಣ. ಆ ಮೊತ್ತವನ್ನು ಕೊಡಲು ನಮ್ಮಿಂದ ಆಗದಾದರೆ ಹಗ್ಗವನ್ನು ನಾವೇ ಹಿಡಿಯೋಣ.