ಎರೆ ಮಣ್ಣಿನ ಅಂಗಳಕ್ಕೆ ಲಾವಂಚ

ಬೇಸಿಗೆಯಲ್ಲಿ ಹರವಿಯ ನೀರಿಗೆ ಹಾಕುವ ಬಾಳದ ಬೇರು ಎಲ್ಲರಿಗೂ ಗೊತ್ತು. ಆ ಬೇರಿನ ಮೇಲಿನ ಹುಲ್ಲನ್ನು ಕಣ್ಣಾರೆ ನೋಡಿದವರು ಮಾತ್ರ ಕಡಿಮೆ. ಎದೆಮಟ್ಟ ಬೆಳೆದು, ತುದಿಯಲ್ಲಿ ಬಾಗಿ, ಮಳೆಗಾಲದ ಕೊನೆಗೆ ಆಳೆತ್ತರದ ಕಡ್ಡಿಗಳ ಮೇಲೆ ನೇರಳೆ ಛಾಯೆಯ ತೆನೆ ಹೊರುವ ಲಾವಂಚ ಬಲು ಚೆಲುವಾದ ಹುಲ್ಲು. ಜಮಖಂಡಿ, ಮುಧೋಳ ಕಡೆಯ ಹೊಸ ಮನೆಗಳ ಅಂಗಳಕ್ಕೆ ಹುಲ್ಲುಹಾಸು ಹಾಕಿಸುವ ರೂಢಿ ಬರುತ್ತಿದೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯನ್ನೂ ನಂಬಲಾಗದ ಸೀಮೆಯಲ್ಲಿ ಆ ಹಾಸಿಗೆ ಬೇಸಿಗೆಯುದ್ದಕ್ಕೂ ನೀರು ಹಾಯಿಸಬೇಕು. ಲಾವಂಚ ಅಷ್ಟು ಕೇಳುವುದಿಲ್ಲ.

ಕೃಷ್ಣೆಯ ದಂಡೆಯಲ್ಲಿ ಬೆಳ್ಳಗೆ ತೆನೆ ಬಿಡುವ ಕಾಶ ಹುಲ್ಲನ್ನು ಕಂಡು ಆಸೆಪಡುವವರಿದ್ದಾರೆ. ನೋಟಕ್ಕೆ ಅದಕ್ಕೆ ಸಾಟಿಯಿಲ್ಲ. ಕೊಯಮತ್ತೂರಿನಲ್ಲಿ ಈ ಕಾಡುಹುಲ್ಲನ್ನು ಕಬ್ಬಿನೊಡನೆ ಬೆರಸಿಯೇ 1918ರಲ್ಲಿ ಕೋ 205 ತಳಿ ಹೊರಬಂದದ್ದು. ಇಂದು ನಮ್ಮ ಹೊಲಗಳಲ್ಲಿ ನಿಂತ ಕಬ್ಬಿನಲ್ಲೂ ಅದರ ಅಂಶವಿದೆ. ಆದರೆ ಅಂಗಳಕ್ಕೆ ತರಬಾರದು. ನೆಲದೊಳಗೇ ಹರಿದು, ಗಾಳಿಗೆ ಬೀಜ ತೂರಿ, ಪಕ್ಕದ ಹೊಲಕ್ಕೂ ನುಗ್ಗುತ್ತದೆ. ದಕ್ಷಿಣ ಭಾರತದಲ್ಲಿ ಬೇರಿಗಾಗಿ ಬೆಳೆಸುತ್ತ ಬಂದ ಲಾವಂಚದ ಬೀಜ ಮೊಳೆಯುವುದಿಲ್ಲ. ನೆಟ್ಟಲ್ಲೇ ಇರುತ್ತದೆ, ಬುಡ ಮಾತ್ರ ದಪ್ಪವಾಗುತ್ತದೆ.

ಈ ಗುಣ ನಮ್ಮ ರೈತರಿಗೆ ಮೊದಲೇ ತಿಳಿದಿತ್ತು. ಗುಂಡ್ಲುಪೇಟೆ ಸುತ್ತಿನವರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಟ್ಟು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್ಷಾ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಈ ಹುಲ್ಲನ್ನು ದೇಶದೇಶಗಳಿಗೆ ಪರಿಚಯಿಸಿದರು. ಬೇರು ಅಡ್ಡಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ; ಮಣ್ಣು ಆಳವಿದ್ದರೆ ಮೂರು ಮೀಟರ್ ದಾಟುತ್ತದೆ. ಹೀಗಾಗಿ ಪಕ್ಕದ ಮಲ್ಲಿಗೆಗೂ ಕರಿಬೇವಿಗೂ ಅದರ ಕಾಟವಿಲ್ಲ.

ನೆಡಲು ಮಿರಗದ ಮಳೆ ಒಳ್ಳೆಯ ಕಾಲ. ಹಳೆಯ ಬುಡವೊಂದನ್ನು ಅಗೆದು, ಎರಡು ಮೂರು ತೆಂಡೆಗಳಿರುವಂತೆ ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ಅದರ ಅರ್ಧಕ್ಕೆ ಕತ್ತರಿಸಿ ಹಸಿ ಮಣ್ಣಿನಲ್ಲಿ ಬಿಗಿಯಾಗಿ ಊರಬೇಕು. ಬೇಲಿಯಂತೆ ಬೇಕಾದರೆ 15 ಸೆಂಟಿಮೀಟರ್‌ಗೊಂದು; ಒಂಟಿ ಬುಡದ ಚೆಲುವು ಬೇಕಾದರೆ ಒಂದು ಮೀಟರ್ ಅಂತರ. ಬಿಸಿಲು ಬೇಕೇ ಬೇಕು. ಬೇವಿನ ಮರದ ನೆರಳಲ್ಲಿ ನೆಟ್ಟರೆ ಸೊರಗುತ್ತದೆ.

ಮೊದಲ ವರ್ಷವೇ ಕಷ್ಟದ್ದು. ಚಿಗುರುವವರೆಗೆ ತೇವ ಆರಬಾರದು, ಕಳೆ ಮೇಲೇಳಬಾರದು. ಬುಡಕ್ಕೆ ಕಬ್ಬಿನ ರವದಿ ಮುಚ್ಚಿದರೆ ಎರಡೂ ಸುಲಭ. ಹೊಲದಲ್ಲಿ ಬೆಂಕಿ ಹಚ್ಚುವ ಆ ರವದಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಬೇರು ಇಳಿದ ಮೇಲೆ ಬೇಸಿಗೆಯಲ್ಲಿ ಆಗಾಗ ನೀರು ಕೊಟ್ಟರೂ ಸಾಕು. ಮಳೆಗಾಲಕ್ಕೆ ಮುನ್ನ ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕುಡುಗೋಲಿನಿಂದ ಕತ್ತರಿಸಬೇಕು. ಇದನ್ನು ತಪ್ಪಿಸಿದರೆ ಒಣ ಎಲೆ ತುಂಬಿ ಬುಡದ ನಡುವೆ ಬರಿದಾಗುತ್ತದೆ. ಎಲೆಯಂಚು ಹರಿತ, ತುಂಬುತೋಳಿನ ಅಂಗಿ ಇರಲಿ.

ಕಬ್ಬಿಗೆ ನೀರು ಹೆಚ್ಚಾಗಿ ಸವಳು-ಜವಳಾದ ನೆಲದಲ್ಲೂ ಲಾವಂಚ ತಾಳಿಕೊಳ್ಳುತ್ತದೆ. ಕೆಲವು ದಿನ ನೀರು ನಿಂತರೂ ಸಾಯದು. ಘಟಪ್ರಭೆ ಉಕ್ಕಿದಾಗ ನೀರು ನುಗ್ಗುವ ಹಿತ್ತಲುಗಳಿಗೆ ಇಂಥ ಗಿಡವೇ ಬೇಕು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಬೀಳಗಿ ಕಡೆಯವರ ಪುನರ್ವಸತಿ ಕೇಂದ್ರಗಳಲ್ಲಿ ಚರಂಡಿಯಂಚಿಗೆ, ಶಾಲೆಯ ಆವರಣಕ್ಕೆ ಒಂದು ಸಾಲು ನೆಟ್ಟರೆ ಹಸಿರೂ ಆದೀತು, ಮಣ್ಣೂ ನಿಂತೀತು.

ಬೇರಿನ ಆಸೆಯಿದ್ದರೆ ಅಂಗಳದ ಸಾಲನ್ನು ಅಗೆಯಬೇಡಿ. ಮಣ್ಣು ಸಡಿಲಾಗಿ ನೆಟ್ಟ ಉದ್ದೇಶವೇ ಕೆಡುತ್ತದೆ. ಅದಕ್ಕೆ ಬೇರೆ ನಾಲ್ಕು ಬುಡ ಇಡಿ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಂಥ ಇಕ್ಕಟ್ಟಿನಲ್ಲಿ, ತಳಕ್ಕೆ ತೂತು ಕೊರೆದ ಹಳೆಯ ಡ್ರಮ್ಮಿಗೆ ಮರಳು ಬೆರೆತ ಮಣ್ಣು ತುಂಬಿ ನೆಟ್ಟರೆ ಒಂದೂವರೆ ವರ್ಷಕ್ಕೆ ಬೇರು ಸಿಗುತ್ತದೆ. ಡ್ರಮ್ ಬೋರಲು ಹಾಕಿ, ಬೇರು ತೊಳೆದು ನೆರಳಲ್ಲಿ ಒಣಗಿಸಿ, ತೆಂಡೆಗಳನ್ನು ಮತ್ತೆ ಅದೇ ಡ್ರಮ್ಮಿಗೆ ನೆಡಬಹುದು.